ಕೆನಡಾದಿಂದ ಇಂಡಿಯಾ ಪಿಸಿಸಿಗೆ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಹಾಕಿದ್ದು ಮುಂದೆ ಹೋಗ್ತಾನೇ ಇಲ್ಲ, ಗೊತ್ತಿದ್ದವರು ಹೇಳಿ

ನೀರ್ಚಾಲಿನವ:
ಕೆನಡಾ ಪಿಆರ್‌ಗೆ (ಪರ್ಮನೆಂಟ್ ರೆಸಿಡೆನ್ಸ್) ಐಟಿಎ, ಅಂದ್ರೆ ಅರ್ಜಿ ಹಾಕಿ ಅನ್ನೋ ಕರೆ ಬಂದಿದೆ, 60 ದಿನದೊಳಗೆ ಎಲ್ಲ ಪೇಪರ್ ಅಪ್‌ಲೋಡ್ ಆಗ್ಬೇಕು, ಅರ್ಧಕ್ಕಿಂತ ಹೆಚ್ಚು ದಿನ ಕಳ್ದೇ ಹೋಯ್ತು, ಇಂಡಿಯಾ ಪಿಸಿಸಿ ಒಂದೇ ಬಾಕಿ. ಇಲ್ಲಿಂದಲೇ ಎಂಬೆಸಿ ಪೋರ್ಟಲಲ್ಲಿ ಫಾರ್ಮ್ ತುಂಬಿಸಿ ಫೀಸ್ ಕಟ್ಟಿ ಪೇಪರ್ ಎಲ್ಲ ಕಳ್ಸಿದ್ದೇನೆ, ಸ್ಟೇಟಸ್ ಮಾತ್ರ ಪೊಲೀಸ್ ವೆರಿಫಿಕೇಶನಲ್ಲೇ ಕೂತಿದೆ. ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಮನೆಗೆ ಯಾರೂ ಬರ್ಲಿಲ್ಲ. ಅಪ್ಪ ಬದಿಯಡ್ಕ ಠಾಣೆಗೆ ಹೋಗಿ ಕೇಳಿದ್ರೆ ಅಂಥ ಪೇಪರೇ ನಮಗೆ ಬಂದಿಲ್ಲ ಅಂತಾರಂತೆ. ಇಲ್ಲಿ ಫೋನ್ ಮಾಡಿದ್ರೆ ಇಂಡಿಯಾದಿಂದ ರಿಪೋರ್ಟ್ ಬರ್ಬೇಕು ಅಂತ ಅದನ್ನೇ ಹೇಳ್ತಾರೆ. ತಲೆ ಕೆಟ್ಟು ಹೋಗಿದೆ ಮಾರಾಯ್ರೆ. ಎಂತ ಮಾಡೋದು?

ಉಪ್ಪಳದವ:
ಇದಕ್ಕೆ ಎಂಬೆಸಿ ಯಾಕೆ? ಕೇರಳ ಪೊಲೀಸಿನ ತುಣ ಪೋರ್ಟಲ್ ಉಂಟಲ್ಲ, ಪೋಲ್ ಆ್ಯಪಲ್ಲೂ ಆಗ್ತದೆ, ಅಪ್ಪನ ಫೋನಿಂದ ಹಾಕಿಸಿ. ನನ್ನ ತಮ್ಮ ಕತಾರಿಗೆ ಹೋಗುವಾಗ ಸೀದಾ ಠಾಣೆಯಿಂದಲೇ ಸಿಕ್ಕಿದೆ.

ಅಕ್ಷಯದ ಅಕ್ಕ:
ಅದು ಹಳೇ ಕ್ರಮ ತಮ್ಮ. 2022ರಲ್ಲೇ ಹೈಕೋರ್ಟ್ ತೀರ್ಪಿನ ಮೇಲೆ ಕೇರಳ ಪೊಲೀಸ್ ಅದನ್ನು ನಿಲ್ಲಿಸಿದೆ. ಹೊರದೇಶಕ್ಕೆ ಬೇಕಾದ ಪಿಸಿಸಿ ಕೊಡುವ ಅಧಿಕಾರ ಕೇಂದ್ರದ್ದು, ಅಂದ್ರೆ ಪಾಸ್‌ಪೋರ್ಟ್ ಆಫೀಸ್, ಹೊರಗಿದ್ದರೆ ಎಂಬೆಸಿ. ಠಾಣೆಯಿಂದ ಈಗ ಸಿಗೋದು ಕೇಸಲ್ಲಿ ಇಲ್ಲ ಅನ್ನೋ ಸರ್ಟಿಫಿಕೇಟ್ ಮಾತ್ರ, ಇಲ್ಲಿನ ಕೆಲಸಕ್ಕೆ ಅದು ಆಗ್ತದೆ. ನಾನಿರುವ ಅಕ್ಷಯ ಸೆಂಟರಿಗೆ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಈಗಲೂ ಇದನ್ನೇ ಕೇಳ್ಕೊಂಡು ಬರ್ತಾರೆ, ನಾನು ವಾಪಸ್ ಕಳಿಸೋದು.

ಉಪ್ಪಳದವ:
ನಿಲ್ಲಿಸಿದ್ದು ಹೇಳಿದ್ರೆ ನಾನು ಒಪ್ಪೋದಿಲ್ಲ ಅಕ್ಕ, ಸರ್ಟಿಫಿಕೇಟ್ ಮೇಲೆ ಪೊಲೀಸ್ ಸೀಲ್ ಇದ್ದರೆ ಸಾಕು. ಒಮ್ಮೆ ಹಾಕಿ ನೋಡ್ಲಿ, ಹೋಗೋದೇನು?

ಅಕ್ಷಯದ ಅಕ್ಕ:
ಅವರ 60 ದಿನ ಹೋಗ್ತದೆ.

ಮರಳುಗಾಡಿನ ಮಾಣಿ:
ನೋಡಿ, ನಾನು ಸೌದಿ, ಕತಾರ್, ದುಬೈ ಮೂರೂ ಕಡೆ ಕೆಲಸ ಮಾಡಿದವ. ಬಿಡುವ ಮೊದಲೇ ಆಯಾ ದೇಶದ ಪಿಸಿಸಿ ತೆಗೆದು, ಎಲ್ಲ ಪೇಜ್ 600 ಡಿಪಿಐ ಕಲರ್ ಸ್ಕ್ಯಾನ್ ಮಾಡಿ, ದೇಶಕ್ಕೊಂದು ಫೋಲ್ಡರ್, ಎರಡು ಹಾರ್ಡ್ ಡಿಸ್ಕ್, ಡ್ರೈವಲ್ಲಿ ಇನ್ನೊಂದು ಕಾಪಿ. ಹಳೇ ವೀಸಾ ಸ್ಟಾಂಪಿಂದ ಹಿಡಿದು ಎಮಿರೇಟ್ಸ್ ಐಡಿ ವರೆಗೆ ಎಲ್ಲ ಅದರಲ್ಲಿ ಉಂಟು. ಎಲ್ಲರೂ ಹೀಗೆ ಮಾಡಿಟ್ಟರೆ ಈ ತಲೆಬಿಸಿಯೇ ಇಲ್ಲ.

ಪೆರ್ಲ 2009:
ಮಾಣಿಯಣ್ಣ, ಕೆನಡಾಕ್ಕೆ ಹಾಕೋದಾದ್ರೆ ಅದನ್ನೇ ನಂಬಿ ಕೂರ್ಬೇಡಿ. 10 ವರ್ಷದಲ್ಲಿ ಯಾವ ದೇಶದಲ್ಲಿ 6 ತಿಂಗಳು ಅಥವಾ ಹೆಚ್ಚು ಒಟ್ಟಿಗೆ ಇದ್ದೀರೋ ಅಲ್ಲಿಯದು ಬೇಕು, ಅಲ್ಲಿ ಕೊನೆಗೆ ಇದ್ದ ನಂತರದ ತಾರೀಕಿನದ್ದೇ ಆಗ್ಬೇಕು. ಬಿಡುವ ಮೊದಲೇ ತೆಗೆದದ್ದನ್ನು ಅವರು ಒಪ್ಪದಿದ್ರೆ ಪುನಃ ಫಿಂಗರ್‌ಪ್ರಿಂಟ್ ಕೊಟ್ಟು ತರಿಸ್ಬೇಕು.
ನೀರ್ಚಾಲಿನವ್ರೆ, ನೀವು ಇಂಡಿಯಾ ಬಿಟ್ಟ ಮೇಲೆ ಯಾವಾಗಾದ್ರೂ ಇಂಡಿಯಾ ಪಿಸಿಸಿ ತೆಗೆದದ್ದು ಉಂಟಾ? ಪಿಸಿಸಿ 6 ತಿಂಗಳೊಳಗಿನದ್ದೇ ಆಗ್ಬೇಕು ಅನ್ನೋ ಲೆಕ್ಕ ಈಗ ಇರುವ ದೇಶದ್ದಕ್ಕೆ ಮಾತ್ರ. ಹಳೇದಾದ್ರೂ ನಡೀತದೆ.

ನೀರ್ಚಾಲಿನವ:
ದುಬೈಯಲ್ಲಿ ಇರುವಾಗ ಇಂಡಿಯಾ ಪಿಸಿಸಿ ತೆಗೆದದ್ದು ಉಂಟು, ಆದರೆ ಕೋವಿಡ್ ಟೈಮಲ್ಲಿ ಊರಿಗೆ ಬಂದು ಒಂದು ವರ್ಷ ಮನೆಯಲ್ಲೇ ಇದ್ದೆ, ಆಮೇಲೆ ಕೆನಡಾ. ದುಬೈಯ ಪಿಸಿಸಿ ದುಬೈ ಬಿಟ್ಟ ಮೇಲೆ ತೆಗೆದದ್ದೇ, ಅದು ಸರಿ ಉಂಟು. ದಯವಿಟ್ಟು ಇಂಡಿಯಾದ್ದು ಹೇಳಿ.

ಪೆರ್ಲ 2009:
ಹಾಗಾದ್ರೆ ಹಳೇದು ಆಗ್ಲಿಕ್ಕಿಲ್ಲ. ಸ್ಟೇಟಸಲ್ಲಿ ಇರೋದನ್ನು ಒಂದಕ್ಷರ ಬಿಡದೆ ಇಲ್ಲಿ ಹಾಕಿ.

ನೀರ್ಚಾಲಿನವ:
ಪೊಲೀಸ್ ವೆರಿಫಿಕೇಶನ್ ಪೆಂಡಿಂಗ್, ಕಮಿಷನರ್ ಆಫೀಸ್ ಅಂತ ಉಂಟು. ಫೈಲ್ ನಂಬರ್ ಹಾಕೋದಿಲ್ಲ.

ಪೆರ್ಲ 2009:
ನಮ್ಮ ಕಾಸರಗೋಡಲ್ಲಿ ಕಮಿಷನರ್ ಎಲ್ಲಿದ್ದಾರೆ ಮಾರಾಯ್ರೆ? ಇಲ್ಲಿ ಇರೋದು ಜಿಲ್ಲಾ ಪೊಲೀಸ್ ಚೀಫ್. ಪಾಸ್‌ಪೋರ್ಟ್ ತೆಗೆದು ನೋಡಿ, ಪ್ಲೇಸ್ ಆಫ್ ಇಶ್ಯೂ ಕೋಝಿಕ್ಕೋಡಾ ಬೆಂಗಳೂರಾ? ಕೊನೇ ಪುಟದಲ್ಲಿ ಯಾವ ಅಡ್ರೆಸ್?

ನೀರ್ಚಾಲಿನವ:
ಬೆಂಗಳೂರು. ಕಾಲೇಜಿಗೆ ಹೋಗುವಾಗ ಮಂಗಳೂರಲ್ಲಿ ರೂಮ್ ಮಾಡಿದ್ದೆ, ಕದ್ರಿ ಹತ್ತಿರ, ಪಾಸ್‌ಪೋರ್ಟ್ ಆ ಅಡ್ರೆಸಲ್ಲೇ ಮಾಡಿಸಿದ್ದು. ಆದರೆ ಪರ್ಮನೆಂಟ್ ಅಡ್ರೆಸ್ ನೀರ್ಚಾಲೇ ಅಲ್ವಾ, ಫಾರ್ಮಲ್ಲಿ ಅದನ್ನೇ ಬರ್ದಿದ್ದೇನೆ.

ಪೆರ್ಲ 2009:
ಅದೇ ವಿಷಯ, ಕಮಿಷನರ್ ಇರೋದು ಮಂಗಳೂರಲ್ಲಿ. ಪೇಪರ್ ಹೋದದ್ದು ಪಾಸ್‌ಪೋರ್ಟಲ್ಲಿದ್ದ ಅಡ್ರೆಸಿಗೆ. ಹೊಸಂಗಡಿ ದಾಟಿ, ಗಡಿಯ ತಲಪಾಡಿ ಗೇಟ್ ದಾಟಿ ಮಂಗಳೂರಿನ ಠಾಣೆಯ ಮೇಜಲ್ಲಿ ಉಂಟು. ಆ ರೂಮಲ್ಲಿ ಈಗ ನಿಮ್ಮ ಹೆಸರು ಕೇಳಿದವರು ಯಾರೂ ಇರ್ಲಿಕ್ಕಿಲ್ಲ. ಅಪ್ಪನನ್ನು ಬದಿಯಡ್ಕಕ್ಕೆ ಇನ್ನು ಓಡಿಸ್ಬೇಡಿ.

ಮರಳುಗಾಡಿನ ಮಾಣಿ:
ನಮ್ಮ ಜನ ಯಾಕೆ ಮಂಗಳೂರಲ್ಲಿ ಪಾಸ್‌ಪೋರ್ಟ್ ಮಾಡಿಸೋದೋ. ಕೇರಳದಲ್ಲೇ ಪಯ್ಯನ್ನೂರು ಪಾಸ್‌ಪೋರ್ಟ್ ಕೇಂದ್ರ ಉಂಟಲ್ಲ?

ಉಪ್ಪಳದವ:
ನಮಗೆ ಆಸ್ಪತ್ರೆ ಮಂಗಳೂರು, ಕಾಲೇಜು ಮಂಗಳೂರು, ಬಟ್ಟೆ ತೆಗೆಯೋದೂ ಮಂಗಳೂರು, ಪಾಸ್‌ಪೋರ್ಟಿಗೆ ಮಾತ್ರ ಪಯ್ಯನ್ನೂರಿಗೆ ಹೋಗ್ಬೇಕಾ? ಫಾರ್ಮ್ ತುಂಬಿಸ್ಲಿಕ್ಕೆ ಕನ್ನಡದಲ್ಲಿ ಹೇಳಿ ಕೊಡುವವರು ಅಲ್ಲಿ ಇದ್ದಾರಾ? ಅದೆಲ್ಲ ಬಿಡಿ, ಹಳೇ ಓನರಿಗೆ ಫೋನ್ ಮಾಡಿ ಹುಡುಗ ಇಲ್ಲೇ ಇದ್ದಾನೆ ಅಂತ ಹೇಳಿಸಿ, ಮುಗೀತು.

ಅಕ್ಷಯದ ಅಕ್ಕ:
ಹಾಗೆ ಮಾತ್ರ ಮಾಡ್ಬೇಡಿ. ಕೆನಡಾದಲ್ಲಿ ಕೂತವ ಮಂಗಳೂರಲ್ಲಿ ಇದ್ದಾನೆ ಅಂತ ಪೊಲೀಸರಿಗೆ ಸುಳ್ಳು ಹೇಳಿಸಿದ್ರೆ ನಾಳೆ ಪಿಆರ್ ಫೈಲಿಗೇ ಕಲ್ಲು ಬೀಳ್ತದೆ. ಓನರ್ ನಿಜ ಹೇಳ್ಲಿ, ಇಂಥ ವರ್ಷ ಇದ್ದ, ಬಿಟ್ಟು ಹೋದ ಅಂತ.
ನೀವು ಮಾಡ್ಬೇಕಾದ್ದು, ಎಂಬೆಸಿಯ ಪಾಸ್‌ಪೋರ್ಟ್ ವಿಭಾಗಕ್ಕೂ ಬೆಂಗಳೂರಿನ ಪಾಸ್‌ಪೋರ್ಟ್ ಆಫೀಸಿಗೂ ಒಂದೇ ಮೇಲ್, ಫೈಲ್ ನಂಬರ್ ಹಾಕಿ, ಈಗಿನ ಊರಿನ ಅಡ್ರೆಸ್ ಇದು, ಇಲ್ಲಿಗೆ ಪುನಃ ವೆರಿಫಿಕೇಶನ್ ಕಳಿಸಿ ಅಂತ. ಒಟ್ಟಿಗೆ ಆಧಾರ್, ಅಪ್ಪನ ರೇಶನ್ ಕಾರ್ಡ್, ಪಂಚಾಯತಿನ ಮನೆ ತೆರಿಗೆ ರಶೀದಿ. ಉತ್ತರ ಬಾರದಿದ್ರೆ ಕೇಂದ್ರದ ಪಿಜಿ ಪೋರ್ಟಲಲ್ಲಿ ದೂರು ಹಾಕಿ. ಪಾಸ್‌ಪೋರ್ಟಲ್ಲಿ ಅಡ್ರೆಸ್ ಬದಲಿಸಿ ಬನ್ನಿ ಅಂತ ಹೇಳಿದ್ರೂ ಹೇಳಿಯಾರು, ಅದಕ್ಕೆ ಮತ್ತೆ ಟೈಮ್ ಬೇಕು, ಹಾಗಾಗಿ ಇವತ್ತೇ ಕಳಿಸಿ.

ಪೆರ್ಲ 2009:
60 ದಿನದೊಳಗೆ ಸಿಗದಿದ್ರೆ ಪಿಸಿಸಿಯ ಜಾಗ ಖಾಲಿ ಬಿಡ್ಬೇಡಿ. ಫೀಸ್ ರಶೀದಿ, ಸ್ಟೇಟಸ್ ಸ್ಕ್ರೀನ್‌ಶಾಟ್, ಈ ಮೇಲ್‌ಗಳು, ಜೊತೆಗೆ ಯಾಕೆ ಸಿಗ್ಲಿಲ್ಲ ಅಂತ ವಿವರಿಸುವ ಲೆಟರ್ ಆಫ್ ಎಕ್ಸ್‌ಪ್ಲನೇಶನ್, ಎಲ್ಲ ಒಂದೇ ಪಿಡಿಎಫ್ ಮಾಡಿ ಅಲ್ಲಿ ಹಾಕಿ. ಒಪ್ಪೋದು ಬಿಡೋದು ಆಫೀಸರ್ ಕೈಲಿ, ಆದರೆ ಪ್ರಯತ್ನ ಮಾಡಿದ್ದಕ್ಕೆ ದಾಖಲೆ ಇರ್ಬೇಕು.

ನೀರ್ಚಾಲಿನವ:
ಎರಡೂ ಕಡೆ ಮೇಲ್ ಹೋಯ್ತು. ಓನರ್ ಫೋನ್ ಎತ್ತಿದ್ರು, ಒಬ್ಬ ಪೊಲೀಸ್ ಬಂದು ಕೇಳಿ ಹೋಗಿದ್ದ, ನೀನು ಎಲ್ಲಿದ್ದೀ ಗೊತ್ತಿಲ್ಲ ಅಂದೆ ಅಂತ ಹೇಳಿದ್ರು. ಪೆರ್ಲದಣ್ಣ, ಅಕ್ಕ, ಉಪಕಾರ ಆಯ್ತು. ರಿಪ್ಲೈ ಬಂದ ಕೂಡ್ಲೇ ಹಾಕ್ತೇನೆ.

ವರ್ಕಾಡಿ ಕಿಟ್ಟ:
ನಂದೂ ಇದೇ ಕೇಸ್, ಆಸ್ಟ್ರೇಲಿಯಾ. ಪಾಸ್‌ಪೋರ್ಟಲ್ಲಿ ಮಂಗಳೂರು ಹತ್ತಿರದ ದೇರಳಕಟ್ಟೆ ಹಾಸ್ಟೆಲ್ ಅಡ್ರೆಸ್ ಉಂಟು. ಬೆಂಗಳೂರಿಂದ ಎಂತ ಹೇಳಿದ್ರು?