ಹೊಸ ಡೈವರ್ಟರ್‌ನಲ್ಲಿ ಬಿಸಿನೀರೇ ಬರ್ತಿಲ್ಲ, ಕೆಳಗಿನ ಬಚ್ಚಲಿಗೆ ಯಾವ ನಲ್ಲಿ ತರಲಿ? (ಸೋಮವಾರ ಟೈಲ್ಸ್ ಶುರು)

ಕಲ್ಪತರು22
ತುಮಕೂರಿನಲ್ಲಿ ನಮ್ಮದು ಹಳೇ ಮನೆ, ಎರಡೂ ಬಚ್ಚಲು ಹೊಸದಾಗಿ ಮಾಡಿಸ್ತಿದ್ದೀವಿ. ಮಹಡಿ ಮೇಲಿನದು ಮುಗೀತು. ಗೋಡೆಯೊಳಗೆ ಕೂರೋ ಸಿಂಗಲ್ ಲಿವರ್ ಡೈವರ್ಟರ್ (ಒಂದೇ ಹಿಡಿಯಲ್ಲಿ ಬಿಸಿನೀರು ತಣ್ಣೀರು ಬೆರೆಸಿ ಶವರಿಗೋ ಕೆಳಗಿನ ಮೂತಿಗೋ ಕಳಿಸೋದು), ಎಂಟಿಂಚಿನ ಶವರ್. ಕಂಪನಿ ಹೆಸರು ಬೇಡ, ಒಳ್ಳೇದೇ. ತಣ್ಣೀರು ಭರ್ ಅಂತ ಬರತ್ತೆ. ಲಿವರ್ ಮಧ್ಯಕ್ಕೆ ತಂದರೆ ಅರ್ಧ ನಿಮಿಷ ಉಗುರುಬೆಚ್ಚಗೆ, ಆಮೇಲೆ ಪೂರ್ತಿ ತಣ್ಣಗೆ. ಪ್ಲಂಬರ್ ಮೂರು ಸಲ ಬಂದು, ಒಳಗೆ ನೀರು ಬೆರೆಸೋ ಕಾರ್ಟ್ರಿಜ್ ಬದಲಾಯಿಸಿ, "ಮಾಲೇ ಹಂಗೆ ಸಾರ್" ಅಂತ ಹೋದ. ಕೆಳಗಿನ ಬಚ್ಚಲಿಗೆ ಇದೇ ಸೆಟ್ ತರಬೇಕು ಅಂತಿದ್ದೆ, ಈಗ ಭಯ. ಯಾವ ನಲ್ಲಿ ತರಲಿ ಹೇಳಿ, ಸಾಕು.

ಬೋರ್‌ನೀರು_ಗದಗ
ನಳದ್ದು ತಪ್ಪಲ್ರಿ ಸರ, ನೀರಿಂದು. ಬೋರಿನ ನೀರು ಹೌದಲ್ರಿ? ಸುಣ್ಣ ಕಟ್ಟೇತಿ. ಶವರ್ ಬಿಚ್ಚಿ ಒಂದು ರಾತ್ರಿ ವಿನೆಗರಿನಾಗ ನೆನಿ ಹಾಕ್ರಿ, ಮುಂಜಾನೆ ಹಲ್ಲುಜ್ಜೋ ಹಳೇ ಬ್ರಶ್‌ಲೆ ತಿಕ್ಕ್ರಿ. ನಮ್ಮ ಮನ್ಯಾಗ ಆರು ತಿಂಗಳಿಗೊಮ್ಮೆ ಇದ ಕೆಲಸ.

ಕಲ್ಪತರು22
ಹಾಕಿಸಿ ಹನ್ನೊಂದು ದಿನ ಆಗಿದೆ ಸರ್. ಹನ್ನೊಂದು ದಿನಕ್ಕೆ ಸುಣ್ಣ ಕಟ್ಟತ್ತಾ?

ಬೋರ್‌ನೀರು_ಗದಗ
ಕಟ್ಟತೈತಿ. ಗಡಸುತನ ಎಷ್ಟೈತಿ ಅಂತ ಲ್ಯಾಬಿಗೆ ಕೊಟ್ಟು ನೋಡಿಸ್ರಿ ಮೊದಲ. ಕುಡಿಯೋ ನೀರಿನ ಐಎಸ್ 10500 ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಒಳಗ ಇರಬೇಕು, ಬೇರೆ ನೀರ ಇಲ್ಲಂದ್ರ 600ರ ತನಕ ನಡೀತೈತಿ. ನಮ್ಮ ಬೋರ್ ಅದನ್ನೂ ದಾಟೇತಿ.

ಹಿತ್ತಾಳೆ_ಪ್ರಿಯ
ಎಲ್ಲರೂ ನೀರು ನೀರು ಅಂತೀರಿ. ಮಾಲು ಕೈಯಲ್ಲಿ ಹಿಡಿದು ನೋಡಿದ್ರಾ? ಅಸಲಿ ಹಿತ್ತಾಳೆ ಆದ್ರೆ ಕೈ ಜಗ್ಗಬೇಕು. ಈಗ ಅಂಗಡಿಯಲ್ಲಿ ಸತುವಿನ ಮೈಗೆ ಫಳಫಳ ಕ್ರೋಮ್ ಬಳಿದು ಕೊಡ್ತಾರೆ. ಡಬ್ಬದ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 8931 ಇದೆಯಾ ನೋಡಿ. ಹಳೇ ಮಾದರಿ ತಿರುಗಿಸೋ ನಲ್ಲಿಯಾದರೆ ಐಎಸ್ 781. ಅದಿಲ್ಲದ ಮಾಲು ಮನೆಗೆ ತರಬೇಡಿ.

ಏಳನೇ_ಮಹಡಿ
ಬೆಂಗಳೂರಲ್ಲಿ ನಮ್ಮ ಫ್ಲಾಟಿಗೆ ಹನ್ನೆರಡಿಂಚಿನ ರೇನ್ ಶವರ್, ಥರ್ಮೋಸ್ಟಾಟ್ ಮಿಕ್ಸರ್, ಮನೆಗೇ ಸಾಫ್ಟ್‌ನರ್ (ಗಡಸು ನೀರು ಮೆದು ಮಾಡೋ ಯಂತ್ರ) ಹಾಕಿಸಿದೀನಿ. 38 ಡಿಗ್ರಿಗೆ ಇಟ್ಟು ಮರೆತುಬಿಡೋದು. 2024ರ ಮಾರ್ಚಲ್ಲಿ ನೀರಿಗೆ ಹಾಹಾಕಾರ ಆಗಿ ಜಲಮಂಡಳಿ ಅಪಾರ್ಟ್‌ಮೆಂಟುಗಳಿಗೆ ಏರೇಟರ್ (ನಲ್ಲಿ ಬಾಯಿಗೆ ಕೂರೋ, ನೀರು ಉಳಿಸೋ ಜಾಲರಿ) ಕಡ್ಡಾಯ ಮಾಡಿತಲ್ಲ, ಆಗ ಎಲ್ಲಾ ನಲ್ಲಿಗೂ ಹಾಕಿಸಿದ್ವಿ. ನಿಮ್ಮದಕ್ಕೂ ಒಳಗೆ ಕೂತಿರಬೇಕು, ಬಿಚ್ಚಿ ನೋಡಿ. ಫೋಟೋ ಬೇಕಾದ್ರೆ ಹಾಕ್ತೀನಿ.

ಹಿತ್ತಾಳೆ_ಪ್ರಿಯ
ಅವರ ಬಚ್ಚಲ ಬಗ್ಗೆ ಕೇಳ್ತಿದ್ದಾರೆ, ನಿಮ್ಮದರ ಬಗ್ಗೆ ಅಲ್ಲ.

ಪೈಪ್‌ಲೈನ್_ಉಡುಪಿ
ಕಲ್ಪತರು ಅವರೇ, ಬಿಸಿನೀರು ಎಲ್ಲಿಂದ ಅಂತ ನೀವು ಹೇಳಲೇ ಇಲ್ಲ ಮಾರಾಯ್ರೆ. ಗೀಸರಾ, ಸೋಲಾರಾ?

ಕಲ್ಪತರು22
ಸೋಲಾರ್, ಇನ್ನೇನು. ನಮ್ಮ ಬೀದಿಯಲ್ಲಿ ಎಲ್ಲರದೂ ಸೋಲಾರೇ. ಗಾಜಿನ ಕೊಳವೆಯದು, 200 ಲೀಟರ್. ಅದು ಸರಿಯಾಗೇ ಇದೆ. ಅಡುಗೆಮನೆ ಸಿಂಕಿಗೆ ಕೈ ಸುಡೋ ಹಾಗೆ ಬರತ್ತೆ. ಈಚೆಗೆ ಮಾತ್ರ ಸಂಜೆ ಹೊತ್ತಿಗೆ ಟ್ಯಾಂಕೇ ತಣ್ಣಗಾಗಿರತ್ತೆ. ಮೋಡ ಇರಬೇಕು.

ಬೋರ್‌ನೀರು_ಗದಗ
ಗಾಜಿನ ಕೊಳವ್ಯಾಗೂ ಸುಣ್ಣ ಕೂಡತೈತ್ರಿ.

ಪೈಪ್‌ಲೈನ್_ಉಡುಪಿ
ಸುಣ್ಣ ಸ್ವಲ್ಪ ಬದಿಗಿಡಿ. ಒಂದು ಬಕೆಟ್ ತಕೊಳ್ಳಿ, ಮೊಬೈಲಲ್ಲಿ ಟೈಮ್ ಇಡಿ. ಡೈವರ್ಟರಿನ ಸ್ಪೌಟ್ ಕೆಳಗೆ ಲಿವರ್ ಪೂರ್ತಿ ಬಿಸಿ ಕಡೆ ತಿರುಗಿಸಿ ಹತ್ತು ಲೀಟರ್ ತುಂಬಲಿಕ್ಕೆ ಎಷ್ಟು ಹೊತ್ತು ನೋಡಿ. ಆಮೇಲೆ ಪೂರ್ತಿ ತಣ್ಣೀರಿಗೆ. ಹಾಗೇ ಟೆರೇಸಿಗೆ ಹೋಗಿ ಸೋಲಾರಿನ ಏರ್ ವೆಂಟ್, ಅದೇ ಮೇಲೆ ಹೋಗಿ ಬಾಗಿದ ಪೈಪ್ ಇರ್ತದಲ್ಲ, ಅದರ ಬಾಯಿ ಕೆಳಗೆ ನೆಲ ಒದ್ದೆ ಉಂಟಾ ನೋಡಿ.

ಕಲ್ಪತರು22
ಬಿಸಿ: 1 ನಿಮಿಷ 50 ಸೆಕೆಂಡ್. ತಣ್ಣೀರು: 38 ಸೆಕೆಂಡ್.
ಟೆರೇಸ್ ಒದ್ದೆ ಇದೆ! ಪಾಚಿ ಕಟ್ಟೋಕೆ ಶುರುವಾಗಿದೆ. ಸಿಂಟೆಕ್ಸ್ ತುಂಬಿ ಹರೀತಿದೆ, ಮೋಟರ್ ಆಫ್ ಮಾಡೋದು ಮರೀತೀಯ ಅಂತ ಹತ್ತು ದಿನದಿಂದ ಮನೇಲಿ ನನಗೇ ಬೈಗುಳ. ನಿಮಗೆ ಹೇಗೆ ಗೊತ್ತಾಯ್ತು?

ಪೈಪ್‌ಲೈನ್_ಉಡುಪಿ
ತಣ್ಣೀರಿನ ಲೈನಿಗೆ ಪ್ರೆಶರ್ ಪಂಪ್ ಉಂಟು. ಹೌದಾ ಅಲ್ವಾ?

ಕಲ್ಪತರು22
ಇದೆ... ವಾಷಿಂಗ್ ಮಶೀನಿಗೆ ನೀರು ಸಾಲ್ತಿಲ್ಲ ಅಂತ ನಮ್ಮ ಭಾವಮೈದ ಹಾಕಿಸಿದ್ದು. ಅದಕ್ಕೂ ನಲ್ಲಿಗೂ ಏನು ಸಂಬಂಧ ಅಂತ ಹೇಳಲಿಲ್ಲ.

ಏಳನೇ_ಮಹಡಿ
ನಮ್ಮದರಲ್ಲೂ ಪಂಪ್ ಇದೆ, ಆದ್ರೆ ಸಮಸ್ಯೆ ಇಲ್ಲ.

ಪೈಪ್‌ಲೈನ್_ಉಡುಪಿ
ನಿಮ್ಮದರಲ್ಲಿ ಅದೇ ಪಂಪಿನ ನೀರು ಗೀಸರಿಗೂ ಹೋಗ್ತದೆ, ಎರಡೂ ಕಡೆ ಒಂದೇ ಒತ್ತಡ. ಇವರದ್ದು ಹಾಗಲ್ಲ.

ಹತ್ತಡಿ ಎತ್ತರದ ನೀರು ಕೊಡುವ ಒತ್ತಡ ಸುಮಾರು 0.3 ಬಾರ್. ಮಹಡಿಯ ಶವರಿಗೆ ಟೆರೇಸಿನ ಟ್ಯಾಂಕ್ ಅಷ್ಟೇ ಎತ್ತರ ಇರುವುದು. ಅಂದರೆ ಬಿಸಿನೀರು 0.3ರಲ್ಲಿ ಮೆಲ್ಲ ಇಳಿದು ಬರ್ತದೆ, ತಣ್ಣೀರನ್ನು ಪಂಪ್ ಅದರ ನಾಲ್ಕೈದು ಪಟ್ಟು ನೂಕ್ತದೆ. ಹಳೇ ಎರಡು ಹಿಡಿಯ ಮಿಕ್ಸರ್ ಆದ್ರೆ ತಣ್ಣೀರನ್ನು ಸಣ್ಣ ಮಾಡಿ ಹೇಗಾದ್ರೂ ಸುಧಾರಿಸಬಹುದು. ಸಿಂಗಲ್ ಲಿವರಿನಲ್ಲಿ ಎರಡೂ ಒಂದೇ ಕಾರ್ಟ್ರಿಜ್ಜಿನೊಳಗೆ ಸೇರುವುದು. ಮುಂದೆ ಶವರಿನ ತೂತು ಸಣ್ಣ, ನೀರಿಗೆ ಹೋಗಲಿಕ್ಕೆ ಜಾಗ ಇಲ್ಲ. ತಣ್ಣೀರು ತಿರುಗಿ ಬಿಸಿನೀರಿನ ಪೈಪಿಗೇ ನುಗ್ತದೆ, ಸೋಲಾರ್ ಟ್ಯಾಂಕಿಗೆ ಹೋಗ್ತದೆ, ಹೆಚ್ಚಾದದ್ದು ವೆಂಟಿನಿಂದ ಹೊರಗೆ ಬೀಳ್ತದೆ. ನಿಮ್ಮ ಸಂಜೆಯ ಮೋಡ ಅದೇ.

ಹಿತ್ತಾಳೆ_ಪ್ರಿಯ
ಹಾಗಾದ್ರೆ ಬಿಸಿ ಲೈನಿಗೆ ಒಂದು ಎನ್‌ಆರ್‌ವಿ (ನೀರು ಒಂದೇ ಕಡೆಗೆ ಬಿಡೋ ವಾಲ್ವ್) ಹಾಕಿದ್ರೆ ಮುಗೀತು. ಹಿತ್ತಾಳೇದು.

ಪೈಪ್‌ಲೈನ್_ಉಡುಪಿ
ಎನ್‌ಆರ್‌ವಿ ಹಾಕಿದ್ರೆ ತಣ್ಣೀರು ಹಿಂದೆ ಹೋಗುವುದು ನಿಲ್ತದೆ, ಟೆರೇಸ್ ಒಣಗ್ತದೆ. ಬಿಸಿನೀರು ಬರುವುದಿಲ್ಲ. ಆಚೆಯಿಂದ ತಣ್ಣೀರು ಒತ್ತಿ ಹಿಡಿದರೆ ಆ ವಾಲ್ವ್ ತೆರೆಯುವುದು ಹೇಗೆ? ಮೊದಲು ಒತ್ತಡ ಸಮ ಆಗಬೇಕು. ಪಂಪ್ ವಾಷಿಂಗ್ ಮಶೀನಿಗೆ ಮಾತ್ರ ಇರಲಿ, ಬಚ್ಚಲ ತಣ್ಣೀರನ್ನು ಪಂಪಿಗಿಂತ ಮೊದಲೇ ಕವಲು ತೆಗೆದು ನೇರ ಟ್ಯಾಂಕಿನಿಂದ ಕೊಡಿ. ಮುಕ್ಕಾಲಿಂಚಿನ ಪೈಪ್. ಒಂದು ಕಿವಿಮಾತು: ಯಾರಾದ್ರೂ "ಪಂಪನ್ನು ಸೋಲಾರಿಗೂ ಕೊಡುವ" ಅಂತ ಹೇಳಿದರೆ ಕೇಳಬೇಡಿ. ಬಾಯಿ ತೆರೆದ ವೆಂಟ್ ಇರುವ ಟ್ಯಾಂಕ್ ಆ ಒತ್ತಡಕ್ಕೆ ಮಾಡಿದ್ದಲ್ಲ.

ಬೋರ್‌ನೀರು_ಗದಗ
ಒಪ್ಪಿದ್ನಿ. ಆದ್ರೂ ವಿನೆಗರ್ ಬಿಡಬ್ಯಾಡ್ರಿ.

ಕಲ್ಪತರು22
ಪ್ಲಂಬರ್ "ಅದೆಲ್ಲಾ ಪುಸ್ತಕದ ಮಾತು" ಅಂದ. ನಾನೇ ಪಂಪಿನ ಪ್ಲಗ್ ಕಿತ್ತು, ಬೈಪಾಸ್ ವಾಲ್ವ್ ತೆರೆದು ಶವರ್ ಬಿಟ್ಟು ತೋರಿಸಿದೆ. ಹದ ಬಿಸಿ, ಹತ್ತು ನಿಮಿಷ ಹಂಗೇ ಬಂತು. ಧಾರೆ ಮಾತ್ರ ಸಣ್ಣ. ಸುಮ್ಮನೆ ಪೈಪ್ ಅಳತೆ ತಗೊಂಡು ಹೋದ.

ಸರಿ, ಕೆಳಗಿನ ಬಚ್ಚಲು? ಇವತ್ತು ಶುಕ್ರವಾರ.

ಪೈಪ್‌ಲೈನ್_ಉಡುಪಿ
ಕೆಳಗೆ ಇನ್ನೂ ಹತ್ತಡಿ ಸಿಗ್ತದೆ, 0.6 ಬಾರ್ ಹತ್ತಿರ. ಆದ್ರೂ ಗೋಡೆಯೊಳಗಿನದ್ದು ನಾನಾದರೆ ಹಾಕುವುದಿಲ್ಲ. ಎರಡು ಹಿಡಿಯ ವಾಲ್ ಮಿಕ್ಸರ್ ತನ್ನಿ. ಹೊರಗೇ ಇರ್ತದೆ, ಕೆಟ್ಟರೆ ಟೈಲ್ಸ್ ಒಡೆಯುವುದು ಬೇಡ. ಎರಡು ಪಾಯಿಂಟಿನ ನಡುವೆ 150 ಮಿಲಿಮೀಟರ್, ಅಂದರೆ ಆರಿಂಚು, ಟೈಲ್ಸ್ ಕೂರುವ ಮೊದಲು ಟೇಪ್ ಹಿಡಿದು ನೀವೇ ನೋಡಿ. ಬಕೆಟಿಗೆ ಬೇರೆ ಉದ್ದ ಮೂತಿಯ ಬಿಬ್ ಕಾಕ್ ಇರಲಿ, ತಂಬಿಗೆ ಸ್ನಾನ ಯಾರೂ ಬಿಡುವುದಿಲ್ಲ. ಮತ್ತೆ ಮ್ಯಾಟ್ ಕಪ್ಪು ಬಣ್ಣದ್ದು ಬೇಡವೇ ಬೇಡ. ಬೋರ್ ನೀರಿನ ಬಿಳಿ ಕಲೆ ಅದರ ಮೇಲೆ ರಂಗೋಲಿ ಹಾಕಿದ ಹಾಗೆ ಕಾಣ್ತದೆ.

ಏಳನೇ_ಮಹಡಿ
ನಮ್ಮದು ಮ್ಯಾಟ್ ಕಪ್ಪೇ. ಸಾಫ್ಟ್‌ನರ್ ಇದ್ರೆ ಏನೂ ಆಗಲ್ಲ.

ಹಿತ್ತಾಳೆ_ಪ್ರಿಯ
ವಾಲ್ ಮಿಕ್ಸರ್ ತಗೊಳ್ಳುವಾಗ ತೂಕ ನೋಡಿ. ಒಂದು ಕೆಜಿ ಒಳಗಿದ್ರೆ ಅಂಗಡಿಯವನಿಗೇ ವಾಪಸ್ ಕೊಡಿ.

ಬೋರ್‌ನೀರು_ಗದಗ
ತೂಕದ ಮ್ಯಾಲೆ ನಳ ತಗೊಳ್ಳಾಕ ಅದೇನು ಬೆಲ್ಲೇನ್ರಿ? ದಪ್ಪ ಎರಕ ಹೊಯ್ದು ಒಳಗಿನ ದಾರಿ ಸಣ್ಣ ಮಾಡಿದ್ರೂ ತೂಕ ಬರತೈತಿ.

ಹಿತ್ತಾಳೆ_ಪ್ರಿಯ
ಸುಣ್ಣ ಬಿಟ್ಟು ಬೇರೆ ಮಾತಾಡಿದ್ರಲ್ಲ, ಸಂತೋಷ.

ಕಲ್ಪತರು22
ಹೊಸ ತಣ್ಣೀರು ಲೈನ್ ಆಯ್ತು. ಮೇಲೆ ಈಗ ಬಿಸಿ 1:50, ತಣ್ಣೀರು 1:40. ಟೆರೇಸ್ ಒಣಗಿದೆ, ಮನೇಲಿ ಬೈಗುಳ ನಿಂತಿದೆ. ಕೆಳಗಿನದಕ್ಕೆ ವಾಲ್ ಮಿಕ್ಸರ್ ತಂದೆ, ಐಎಸ್ 8931 ಅಂತ ಡಬ್ಬದ ಮೇಲಿದೆ. ಅಡುಗೆಮನೆ ತಕ್ಕಡೀಲಿ ಇಟ್ಟು ನೋಡಿದೆ, 1 ಕೆಜಿ 340 ಗ್ರಾಂ.

ಬೋರ್‌ನೀರು_ಗದಗ
ಗ್ವಾಡಿಗೆ ಹೊಗೋ ಕಾಲು ಕೂಡಿಸಿ ತೂಗೀರೋ, ಬಿಚ್ಚೋ?