ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ: ಮಿದುಳಿನಲ್ಲಿ ಧ್ವನಿಗೆ ಜಾಗ ಎಲ್ಲಿದೆ?

ಪ್ರಶ್ನೆ (ಸೋಮವಾರಪೇಟೆಯ ಸದಸ್ಯರು): ಮೇಡಂ, ನಮ್ಮ ತಂದೆಯವರಿಗೆ 78 ವರ್ಷ. ಮದುವೆಮನೆಯ ವಾಲಗದ ಡೋಲು ಅವರಿಗೆ ದೂರದಿಂದಲೇ ಕೇಳಿಸುತ್ತದೆ. ಆದರೆ ತೋಟದಲ್ಲಿ ಈಗ ಜೀರುಂಡೆಗಳೇ ಇಲ್ಲ ಎನ್ನುತ್ತಾರೆ. ಸೊಪ್ಪು ಕೇಳಿದರೆ ಉಪ್ಪು ತಂದುಕೊಡುತ್ತಾರೆ. ಒಂದೊಂದು ಸದ್ದಿಗೂ ಮಿದುಳಿನಲ್ಲಿ ಒಂದೊಂದು ಜಾಗವಿದ್ದು, ಅದರಲ್ಲೊಂದು ಹಾಳಾಗಿರಬಹುದೇ?

ಉತ್ತರ (ಶ್ರವಣತಜ್ಞೆ, ಮಡಿಕೇರಿ): ಜಾಗಗಳಿರುವುದು ನಿಜ, ಆದರೆ ಅವು ಜೀರುಂಡೆಗೊಂದು, ಡೋಲಿಗೊಂದು ಎಂಬಂತಿಲ್ಲ, ಶ್ರುತಿಯ ಏರಿಳಿತಕ್ಕೆ ತಕ್ಕಂತೆ ಸಾಲಾಗಿವೆ. ಈ ವಿಂಗಡಣೆ ಒಳಗಿವಿಯಲ್ಲೇ ಆರಂಭವಾಗುತ್ತದೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯಾದೊಳಗಿನ ಪೊರೆಯು ತಾರಸ್ವರಕ್ಕೆ ಬುಡದಲ್ಲಿಯೂ ಮಂದ್ರಸ್ವರಕ್ಕೆ ತುದಿಯಲ್ಲಿಯೂ ಹೆಚ್ಚು ಕಂಪಿಸುತ್ತದೆ. ಇದನ್ನು ತೋರಿಸಿಕೊಟ್ಟ ವಿಜ್ಞಾನಿ ಬೆಕೆಶಿಯವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇದೇ ಕ್ರಮ ಶ್ರವಣನರ, ಮಿದುಳುಕಾಂಡ ಮತ್ತು ಮಿದುಳಿನ ನಡುವೆ ಸುದ್ದಿಯನ್ನು ಮುಂದಕ್ಕೆ ಸಾಗಿಸುವ ಥಲಾಮಸ್‌ಗಳನ್ನು ಹಾದು, ಕಿವಿಯ ನೇರಕ್ಕೆ ಮಿದುಳಿನ ಮಡಿಕೆಯೊಳಗೆ ಅಡಗಿರುವ ಹೆಶ್ಲ್ ಏಣು ಎಂಬ, ಸದ್ದನ್ನು ಗ್ರಹಿಸುವ ಉಬ್ಬಿನವರೆಗೂ ಕಲಸಿಹೋಗದೆ ತಲುಪುತ್ತದೆ. ಅಲ್ಲಿ ಹತ್ತಿರಹತ್ತಿರದ ಶ್ರುತಿಗಳಿಗೆ ಮಿಡಿಯುವ ನರಕೋಶಗಳು ಅಕ್ಕಪಕ್ಕದಲ್ಲಿಯೇ ಇವೆ. ಅದರ ಸುತ್ತಲಿನ ಪಟ್ಟಿಗಳು ಒಂಟಿ ಸ್ವರಕ್ಕಿಂತ ಮಾತಿನಂತಹ ಸಂಕೀರ್ಣ ಧ್ವನಿಗಳಿಗೆ ಹೆಚ್ಚು ಸ್ಪಂದಿಸುತ್ತವೆ. ನನಗೆ ಇಂದಿಗೂ ಬೆರಗೆನಿಸುವುದೆಂದರೆ, ಸದ್ದು ಬಂದ ದಿಕ್ಕಿಗೆ ಅಲ್ಲಿ ಇಂತಹ ನಕ್ಷೆ ಕಾಣಸಿಗುವುದಿಲ್ಲ. ಎರಡು ಕಿವಿಗಳ ನಡುವಿನ, ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆಯಾದ ಕಾಲವ್ಯತ್ಯಾಸವನ್ನು ಮಿದುಳುಕಾಂಡವೇ ಹೋಲಿಸಿ ನೋಡುತ್ತದೆ.

ತಂದೆಯವರ ತೊಂದರೆ ಮಿದುಳಿನದಲ್ಲ, ಕಿವಿಯದೆಂದೇ ನನಗೆ ತೋರುತ್ತದೆ. ಪ್ರತಿಯೊಂದು ಕಿವಿಯ ಸುದ್ದಿಯೂ ಮಿದುಳಿನ ಎರಡೂ ಪಾರ್ಶ್ವಗಳಿಗೆ ಹೋಗುವುದರಿಂದ, ಒಂದು ಪಾರ್ಶ್ವದಲ್ಲಿ ಪೆಟ್ಟಾದರೆ ಹೀಗೆ ತಾರಸ್ವರವೊಂದೇ ಕಾಣೆಯಾಗುವುದಿಲ್ಲ. ವಯಸ್ಸಾದಂತೆ ಮೊದಲು ಸೋಲುವುದು ಕಾಕ್ಲಿಯಾದ ಬುಡದ ರೋಮಕೋಶಗಳು, ಅಂದರೆ ಕಂಪನವನ್ನು ನರದ ಸುದ್ದಿಯಾಗಿಸುವ ಕೋಶಗಳು. ಜೀರುಂಡೆಯ ಸದ್ದೂ ‘ಸ’ಕಾರದ ಸುಯ್ಯೆನ್ನುವ ಭಾಗವೂ ಅಲ್ಲಿಗೇ ಸೇರಿದವು; ಸ್ವರಾಕ್ಷರಗಳ ಬಲವಿರುವುದು ಕೆಳಗಿನ ಶ್ರುತಿಗಳಲ್ಲಿ. ಹಾಗಾಗಿ ‘ಸೊಪ್ಪು’ ಎಂಬ ಮಾತು ತಲೆಯಿಲ್ಲದೆ ಅವರನ್ನು ತಲುಪುತ್ತಿದೆ. ಖಚಿತಪಡಿಸಿಕೊಳ್ಳಲು ಆಡಿಯೋಗ್ರಾಂ, ಅಂದರೆ ಯಾವ ಶ್ರುತಿ ಎಷ್ಟು ಕೇಳಿಸುತ್ತದೆಂದು ಅಳೆಯುವ ಪರೀಕ್ಷೆ, ಮಾಡಿಸಿರಿ.

ಪ್ರಶ್ನೆ: ಹಾಗಾದರೆ ಗಟ್ಟಿಯಾಗಿ ಮಾತನಾಡಿದರೆ ಸಾಕೇ? ಶ್ರವಣಯಂತ್ರವನ್ನು ಮಳೆಗಾಲ ಮುಗಿದ ಮೇಲೆ ಕೊಳ್ಳಬಹುದೇ?

ಉತ್ತರ: ಕೂಗಿದರೆ ಸ್ವರಾಕ್ಷರಗಳು ಇನ್ನಷ್ಟು ದೊಡ್ಡದಾಗುತ್ತವೆಯೇ ಹೊರತು ‘ಸ’ಕಾರ ಅಷ್ಟಾಗಿ ಏರುವುದಿಲ್ಲ. ಎದುರಿಗೆ ಕುಳಿತು, ತುಟಿ ಕಾಣುವಂತೆ, ನಿಧಾನವಾಗಿ ಮಾತನಾಡಿರಿ. ಯಂತ್ರದ ವಿಷಯದಲ್ಲಿ ತಡಮಾಡಬೇಡಿ. ಕಿವಿಯಿಂದ ಸುದ್ದಿ ಬಾರದೆ ಖಾಲಿ ಉಳಿದ ನರಕೋಶಗಳು ಪಕ್ಕದ ಶ್ರುತಿಗಳಿಗೆ ಮಿಡಿಯತೊಡಗುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದ್ದಾರೆ. ಯಂತ್ರ ಹಾಕಿಕೊಂಡ ಮೊದಲ ಕೆಲವು ವಾರ ತಂದೆಯವರಿಗೆ ಎಲ್ಲವೂ ಕರ್ಕಶವೆನಿಸಬಹುದು. ಆಗ ಅದನ್ನು ಪೆಟ್ಟಿಗೆಯಲ್ಲಿಡಲು ಬಿಡದೆ, ದಿನವೂ ಸ್ವಲ್ಪಸ್ವಲ್ಪ ಹೊತ್ತು ಹೆಚ್ಚಿಸುತ್ತ ಹಾಕಿಸಿರಿ.