ಹೊರಕವಚ ಹಿಂದಕ್ಕೆ ಎಳೆದರೆ ಸ್ಟೆಂಟ್ ಮೇಲಕ್ಕೆ ಸರಿಯುವುದೇಕೆ?

ಪ್ರಶ್ನೆ (ಇಆರ್‌ಸಿಪಿ ಕಲಿಕೆ):
ಇಆರ್‌ಸಿಪಿಯಲ್ಲಿ (ಬಾಯಿಯಿಂದ ಸ್ಕೋಪ್, ಅಂದರೆ ಎಂಡೋಸ್ಕೋಪ್ ಇಳಿಸಿ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ) ಪಿತ್ತನಾಳದ ಕೆಳತುದಿ ಗಡ್ಡೆಯಿಂದ ಕಿರಿದಾದಾಗ ಹಾಕುವ 10 ಮಿ.ಮೀ. ಅಗಲದ, ತಂತಿ ಹೆಣೆದ ಲೋಹದ ಸ್ಟೆಂಟ್ (ನಾಳವನ್ನು ತೆರೆದಿಡುವ ಕೊಳವೆ) ಬಗ್ಗೆ ಎರಡು ಸಂದೇಹ. ಸ್ಟೆಂಟನ್ನು ಮುದುರಿ ಹಿಡಿದಿರುವ ಹೊರಕವಚ ಎಳೆಯತೊಡಗಿದ ಕೂಡಲೇ ಸ್ಟೆಂಟ್ ಯಕೃತ್ತಿನ ಕಡೆಗೆ ಸರಿಯುತ್ತದೆ. ಕೈ ಹಿಂದಕ್ಕೆ ಎಳೆಯುತ್ತಿದ್ದರೂ ಅದು ಮುಂದಕ್ಕೆ ಹೋಗುವುದು ಹೇಗೆ? ಇನ್ನೊಂದು, ನಾಳ ಬಾಗಿರುವಲ್ಲಿ ರೇಡಿಯಲ್ ಬಲ (ನಾಳದ ಗೋಡೆಯನ್ನು ಹೊರಕ್ಕೆ ತಳ್ಳುವ ಬಲ) ಹೆಚ್ಚಿರುವ ಸ್ಟೆಂಟನ್ನೇ ಆರಿಸಬೇಕೇ?

ಉತ್ತರ 1 (ಹೆಣಿಗೆ ತಂತಿ):
ಮೊದಲ ಸಂದೇಹಕ್ಕೆ ಎರಡು ಕಾರಣ ಸರ್. ಕವಚವನ್ನು ಎಳೆದಷ್ಟೇ ಬಲ ಸ್ಟೆಂಟನ್ನು ಹೊತ್ತ ಒಳಗಿನ ದಂಡದ ಮೇಲೆ ಮುಂದಕ್ಕೆ ಬೀಳುತ್ತದೆ. ಸ್ಕೋಪ್ ಒಳಗೆ ದಂಡ ಸಡಿಲವಾಗಿದ್ದರೆ ಆ ಸಡಿಲವೆಲ್ಲ ತುದಿಗೆ ಹೋಗುತ್ತದೆ. ಜೊತೆಗೆ, ಸ್ಟೆಂಟ್‌ನ ತುದಿಯು ಕಿರಿದಾದ ಜಾಗದ ಮೇಲೆ ಆಲಿಕೆಯಂತೆ ಅರಳುವಾಗ ಕೆಳಗಿನಿಂದ ಗಡ್ಡೆ ಅದನ್ನು ಹಿಂಡುತ್ತದೆ. ಒದ್ದೆ ಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಚಿಮ್ಮುತ್ತದಲ್ಲ, ಹಾಗೆ.

ಅದಕ್ಕೇ ಬೇಕಾದ ಜಾಗಕ್ಕಿಂತ ಒಂದು ಸೆಂ.ಮೀ. ಮೇಲೆ ಬಿಡಿಸಲು ಶುರುಮಾಡಿ. ತುದಿ ಅರಳಿದ ಮೇಲೆ ಇಡೀ ಸಾಧನವನ್ನು ಕೆಳಗೆಳೆದು ಕೂರಿಸಿ. ಆಮೇಲೆ ಸಹಾಯಕರು ಕವಚವನ್ನು ನಿಧಾನ ಎಳೆಯುತ್ತಿರಲಿ, ನೀವು ಸಾಧನವನ್ನು ಸ್ಕೋಪ್ ಬಾಯಲ್ಲಿ ಹಿಡಿದು ಹಿಂದಕ್ಕೆ ಹದವಾದ ಬಿಗಿ ಕೊಡುತ್ತಲೇ ಇರಿ. ಕಣ್ಣು ಕೆಳತುದಿಯ ಗುರುತಿನ ಮೇಲಿರಲಿ. ಹೆಣೆದ ಸ್ಟೆಂಟ್ ಆದರೆ ಸಾಧನದಲ್ಲಿ ಗುರುತಿಸಿದ ಮಿತಿ ದಾಟುವವರೆಗೆ ಸಾಮಾನ್ಯವಾಗಿ ಮತ್ತೆ ಕವಚದೊಳಗೆ ಸೇರಿಸಿಕೊಳ್ಳಬಹುದು. ಹೆಣೆಯದೆ, ಲೋಹದ ಕೊಳವೆಯನ್ನು ಲೇಸರ್‌ನಿಂದ ಕತ್ತರಿಸಿ ಮಾಡಿದ ಸ್ಟೆಂಟ್‌ಗೆ ಆ ಅವಕಾಶ ಇಲ್ಲ ಎಂದೇ ತಿಳಿದು ಹೊರಡಿ.

ಹೆಣೆದದ್ದು ಅಗಲವಾದಂತೆ ಗಿಡ್ಡವಾಗುತ್ತದೆ. ಬಿಗಿ ಗಡ್ಡೆಯಲ್ಲಿ ಅದು ಆ ಕ್ಷಣಕ್ಕೆ ಅರ್ಧ ಮಾತ್ರ ತೆರೆದು, ಮುಂದಿನ ಒಂದೆರಡು ದಿನ ಇನ್ನೂ ಅರಳುತ್ತಾ ಎರಡೂ ತುದಿಗಳನ್ನು ನಡುವಿಗೆ ಎಳೆದುಕೊಳ್ಳುತ್ತದೆ. ಪ್ಯಾಪಿಲ್ಲಾದಿಂದ (ಪಿತ್ತನಾಳ ಕರುಳಿಗೆ ತೆರೆಯುವ ಬಾಯಿ) ಬರೀ 2 ಮಿ.ಮೀ. ಹೊರಗೆ ಬಿಟ್ಟರೆ ಕೆಳತುದಿ ನಾಳದೊಳಗೇ ಮಾಯವಾಗಬಹುದು. 5ರಿಂದ 10 ಮಿ.ಮೀ. ಬಿಡಿ.

ಉತ್ತರ 2 (ಬಾಗು ನಾಳ):
ಎರಡನೆಯದಕ್ಕೆ ನನ್ನ ಖಚಿತ ಅಭಿಪ್ರಾಯ: ಬಾಗಿದ ನಾಳದಲ್ಲಿ ರೇಡಿಯಲ್ ಬಲಕ್ಕಿಂತ ಮೊದಲು ನೋಡಬೇಕಾದದ್ದು ಆಕ್ಸಿಯಲ್ ಬಲ. ಅಂದರೆ ಬಾಗಿಸಿದ ಸ್ಟೆಂಟ್ ಮತ್ತೆ ನೆಟ್ಟಗಾಗಲು ಹಾಕುವ ಬಲ. ಅದು ಹೆಚ್ಚಿದ್ದರೆ ಮೇಲ್ತುದಿ ನಾಳದ ಗೋಡೆಗೆ ಒತ್ತಿ ಕೂರುತ್ತದೆ, ಅಲ್ಲಿ ನಾಳ ಮಡಚಿ, ಸ್ಟೆಂಟ್ ಪೂರ್ತಿ ತೆರೆದಿದ್ದರೂ ಪಿತ್ತ ಇಳಿಯುವುದಿಲ್ಲ. ಪಿತ್ತಕೋಶದ ನಾಳ ಕೂಡುವ ಬಾಯಿಯನ್ನೋ ಮೇದೋಜೀರಕ ನಾಳದ ಬಾಯಿಯನ್ನೋ ಒತ್ತಿದರೆ ಉರಿಯೂತ.

ಹೊದಿಕೆ ಇದ್ದರೆ ತಂತಿಗಳು ಒಂದರ ಮೇಲೊಂದು ಜಾರುವುದು ಕಡಿಮೆಯಾಗಿ ಈ ಬಲ ಇನ್ನೂ ಏರುತ್ತದೆ. ಗಿಡ್ಡ ಸ್ಟೆಂಟ್ ಬಾಗಿನಲ್ಲೇ ಮುಗಿದರಂತೂ ಕೆಟ್ಟದ್ದು. ತುದಿ ಬಾಗನ್ನು ದಾಟಿ ನೆಟ್ಟಗಿನ ಭಾಗದಲ್ಲಿ ಮಲಗುವಂತೆ 60ರ ಬದಲು 80 ಮಿ.ಮೀ. ಉದ್ದದ್ದು ಹಾಕಿ.

ಸ್ಟೆಂಟ್‌ನ ಲೋಹವಾದ ನಿಟಿನಾಲ್‌ನ ಗುಣವೂ ನೆನಪಿರಲಿ. ಹೊರಗಿನಿಂದ ಒತ್ತಿದರೆ ಬಲವಾಗಿ ತಡೆಯುತ್ತದೆ, ತಾನಾಗಿ ಹೊರಕ್ಕೆ ತಳ್ಳುವುದು ಮೆತ್ತಗೆ. ಹಾಕಿದ ದಿನ ಸ್ಟೆಂಟ್ ನಡುವೆ ಸೊಂಟದಂತೆ ಕಿರಿದಾಗಿಯೇ ಉಳಿದಿದ್ದರೆ, ಪಿತ್ತ ಇಳಿಯುತ್ತಿರುವವರೆಗೆ ಬಲೂನ್‌ನಿಂದ ಹಿಗ್ಗಿಸಲು ಆತುರ ಬೇಡ.

ಪ್ರಶ್ನೆ (ಇಆರ್‌ಸಿಪಿ ಕಲಿಕೆ):
ತುಂಬಾ ಉಪಯೋಗವಾಯಿತು. 10 ಫ್ರೆಂಚ್ ಪ್ಲಾಸ್ಟಿಕ್ ಸ್ಟೆಂಟ್ ತಳ್ಳುವಾಗ ಅದು ಡ್ಯುವೋಡಿನಮ್‌ನಲ್ಲಿ (ಸಣ್ಣ ಕರುಳಿನ ಮೊದಲ ಭಾಗ) ಬಿಲ್ಲಿನಂತೆ ಬಾಗಿ ನಿಂತುಬಿಡುವುದಕ್ಕೂ ಇದೇ ಲೆಕ್ಕವೇ?

ಉತ್ತರ 3 (ಎಲಿವೇಟರ್):
ಅದು ಬೇರೆ ಸರ್. 10 ಫ್ರೆಂಚ್ ಅಂದರೆ 3.3 ಮಿ.ಮೀ.; ಸ್ಕೋಪ್‌ನ 4.2 ಮಿ.ಮೀ. ಚಾನೆಲ್ (ಸಾಧನ ಸಾಗುವ ದಾರಿ) ಒಳಗೆ ಇರುವವರೆಗೆ ಅದಕ್ಕೆ ಬಾಗಲು ಜಾಗವೇ ಇಲ್ಲ. ಬಾಗುವುದು ಸ್ಕೋಪ್‌ಗೂ ಪ್ಯಾಪಿಲ್ಲಾಕ್ಕೂ ನಡುವಿನ ಖಾಲಿ ಜಾಗದಲ್ಲಿ. ಹಾಗೆ ಬಾಗಿದ ಮೇಲೆ ಎಷ್ಟು ತಳ್ಳಿದರೂ ಬಿಲ್ಲು ದೊಡ್ಡದಾಗುತ್ತದೆಯೇ ಹೊರತು ತುದಿ ಕದಲುವುದಿಲ್ಲ.

ಸ್ಕೋಪನ್ನು ಪ್ಯಾಪಿಲ್ಲಾಕ್ಕೆ ಹತ್ತಿರ ತನ್ನಿ, ಗೈಡ್‌ವೈರ್ (ಸ್ಟೆಂಟ್‌ಗೆ ದಾರಿ ತೋರಿಸುವ ತಂತಿ) ಬಿಗಿಯಾಗಿ ಹಿಡಿಸಿ. ಎಲಿವೇಟರ್ (ಸಾಧನವನ್ನು ಎತ್ತಲು ಸ್ಕೋಪ್ ತುದಿಯಲ್ಲಿರುವ ಸನ್ನೆ) ತೆರೆದು ಒಂದು ಸೆಂ.ಮೀ.ಯಷ್ಟು ತಳ್ಳಿ, ಎಲಿವೇಟರ್ ಎತ್ತಿ, ಸ್ಕೋಪ್ ಹಿಡಿಕೆಯ ದೊಡ್ಡ ಚಕ್ರ ತಿರುಗಿಸಿ ಅದರ ತುದಿ ಮೇಲಕ್ಕೆ ಮಾಡಿ. ಬೇಕಾದರೆ ಸ್ಕೋಪನ್ನೇ ತುಸು ಹಿಂದಕ್ಕೆಳೆಯಿರಿ. ಇದನ್ನೇ ಮತ್ತೆ ಮತ್ತೆ. ಬಿಲ್ಲು ಕಂಡ ಕೂಡಲೇ ತಳ್ಳುವುದು ನಿಲ್ಲಿಸಿ, ಸಾಧನದಲ್ಲಿ ಸಾಧ್ಯವಿದ್ದರೆ ಸ್ಟೆಂಟನ್ನು ಸ್ವಲ್ಪ ಚಾನೆಲ್ ಒಳಗೆ ತೆಗೆದುಕೊಂಡು ಶುರುಮಾಡಿ. ಆಗಲೂ ಕಿರಿದಾದ ಜಾಗ ದಾಟದಿದ್ದರೆ ಮೊದಲು ಅದನ್ನು ಹಿಗ್ಗಿಸಿ, ಇಲ್ಲವೇ 7 ಫ್ರೆಂಚ್‌ಗೆ ಇಳಿಯಿರಿ.